"ಬ್ರೇಕ್ ಹಿಡಿಯಲಿಲ್ಲ ಸರ್": ಸಣ್ಣ ವಿಮಾನ ರನ್‌ವೇ ಮೀರಿ ಓಡಿದಾಗ ದೋಷ ಹುಡುಕುವ ಬಗೆ

ರನ್‌ವೇ ದಾಟಿ ಹುಲ್ಲಿನಲ್ಲಿ ಮೂತಿ ಊರಿ ನಿಂತ ತರಬೇತಿ ವಿಮಾನದ ಬಳಿ ಹೋದಾಗಲೆಲ್ಲ ನನ್ನ ಕಿವಿಗೆ ಮೊದಲು ಬೀಳುವ ಮಾತು ಇದು: "ಬ್ರೇಕ್ ಹಿಡಿಯಲಿಲ್ಲ ಸರ್." ಹೇಳುವವರು ಸುಳ್ಳಾಡುತ್ತಿರುವುದಿಲ್ಲ. ಕೊನೆಯ ಆರೇಳು ಸೆಕೆಂಡು ಎರಡೂ ಪೆಡಲ್‌ಗಳನ್ನು ಮೈಭಾರ ಹಾಕಿ ಒತ್ತಿದ್ದಾರೆ, ವಿಮಾನ ನಿಂತಿಲ್ಲ. ಅವರ ಕಾಲಿಗೆ ತಿಳಿದದ್ದು ಅಷ್ಟೇ. ಆ ಮಾತನ್ನೇ ಟೆಕ್ ಲಾಗ್‌ನಲ್ಲಿ, ಅಂದರೆ ವಿಮಾನದ ದೋಷ-ದುರಸ್ತಿ ಬರೆಯುವ ಪುಸ್ತಕದಲ್ಲಿ, ಸ್ನ್ಯಾಗ್ (ದೋಷ) ಎಂದು ಬರೆದು, ಬ್ರೇಕ್ ಪ್ಯಾಡ್ ಬದಲಿಸಿ ವಿಮಾನವನ್ನು ಹಾರಲು ಬಿಟ್ಟರೆ, ಇನ್ನೊಂದು ಮಧ್ಯಾಹ್ನ ಇನ್ನೊಬ್ಬ ವಿದ್ಯಾರ್ಥಿ ಅದೇ ಹುಲ್ಲಿನಲ್ಲಿ ನಿಂತಿರುತ್ತಾನೆ.

ನಾನು ವಿಮಾನ ನಿರ್ವಹಣೆಯ ಎಂಜಿನಿಯರ್, ಹ್ಯಾಂಗರ್ ಮಾತಿನಲ್ಲಿ ಎ.ಎಂ.ಇ. ಇಲ್ಲಿ ಬರೆಯುತ್ತಿರುವುದು ಸೆಸ್ನಾ 172ರಂಥ ಒಂಟಿ ಎಂಜಿನ್ನಿನ, ಮೂಗಿನ ಚಕ್ರವಿರುವ ವಿಮಾನಗಳ ಬಗ್ಗೆ. ಕೊಡುವ ಅಂಕಿಗಳು 172ಎಸ್ ಮಾದರಿಯವು. ನಿಮ್ಮ ವಿಮಾನದ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದನ್ನೇ ನಂಬಿ.

ವಿಧಾನ ಇಷ್ಟೇ: ವಿಮಾನ ನಿಂತ ಜಾಗದಿಂದ ಹೊರಟು ಹಿಂದಕ್ಕೆ ಹಿಂದಕ್ಕೆ ಹೋಗಬೇಕು. ಹುಲ್ಲಿನಿಂದ ಚಕ್ರದ ಗುರುತಿಗೆ, ಅಲ್ಲಿಂದ ಚಕ್ರ ನೆಲ ಮುಟ್ಟಿದ ಜಾಗಕ್ಕೆ, ಅಲ್ಲಿಂದ ರನ್‌ವೇಯ ಆರಂಭದಲ್ಲಿದ್ದ ವೇಗಕ್ಕೆ, ಕೊನೆಗೆ ಗಾಳಿಗೆ. ತಪ್ಪು ಕಣ್ಣಿಗೆ ಬೀಳುವುದು ರನ್‌ವೇಯ ಆ ತುದಿಯಲ್ಲಿ. ಹುಟ್ಟಿರುವುದು ಬಹುತೇಕ ಈ ತುದಿಯಲ್ಲಿ.

ಯಾವುದನ್ನೂ ಮುಟ್ಟುವ ಮೊದಲು

ಜನ ಹೊರಗೆ ಬಂದರೇ, ಪೆಟ್ಟಾಗಿದೆಯೇ ಎಂಬುದು ಮೊದಲು. ಆಮೇಲೆ ಇಂಧನ ಸೋರುತ್ತಿದೆಯೇ ನೋಡಿ ಫ್ಯುಯೆಲ್ ಶಟ್‌ಆಫ್ (ಇಂಧನ ನಿಲ್ಲಿಸುವ ಕವಾಟ), ಮ್ಯಾಗ್ನೆಟೋ (ಎಂಜಿನ್ನಿಗೆ ಕಿಡಿ ಕೊಡುವುದು), ಮಾಸ್ಟರ್ ಸ್ವಿಚ್ ಆಫ್ ಮಾಡಿ. ಇವುಗಳಲ್ಲಿ ಯಾವುದನ್ನು ನೀವು ಬದಲಿಸಿದಿರಿ ಎಂದು ಅಲ್ಲೇ ಬರೆದಿಡಿ. ಅಪಘಾತವೆಂದೋ ಗಂಭೀರ ಘಟನೆಯೆಂದೋ ಪರಿಗಣಿಸುವಂಥದ್ದಾದರೆ ಅನುಮತಿ ಸಿಗುವವರೆಗೆ ವಿಮಾನವನ್ನು ಕದಲಿಸುವಂತಿಲ್ಲ. ನಮ್ಮಲ್ಲಿ ವಿಮಾನ ಅಪಘಾತಗಳ ತನಿಖಾ ನಿಯಮಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಜೀವ ಉಳಿಸಲು ಕದಲಿಸಬೇಕಾದರೆ ಆ ಮಾತು ಬೇರೆ.

ಫೋಟೋ ತೆಗೆಯಿರಿ, ಹತ್ತಿರದಿಂದ ಮತ್ತು ಧಾರಾಳವಾಗಿ: ಫ್ಲ್ಯಾಪ್ (ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಪಟ್ಟಿ) ಲಿವರ್ ಎಲ್ಲಿದೆ, ರೆಕ್ಕೆಯ ಮೇಲೆ ಫ್ಲ್ಯಾಪ್ ನಿಜವಾಗಿ ಎಷ್ಟು ಇಳಿದಿದೆ, ಎಂಜಿನ್ ಶಕ್ತಿ ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಪೂರ್ತಿ ಹೊರಗಿದೆಯೇ, ಮೂತಿಯ ಏರಿಳಿತ ಹದದಲ್ಲಿಡುವ ಟ್ರಿಮ್ ಎಲ್ಲಿದೆ, ಯಾವ ಸರ್ಕ್ಯೂಟ್ ಬ್ರೇಕರ್ ಹೊರಗೆ ಬಂದಿದೆ. ಒಂದು ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಕುತೂಹಲಕ್ಕೆ ಬ್ರೇಕ್ ಪೆಡಲ್ ಒತ್ತಿ ನೋಡುತ್ತಾರೆ. ಒತ್ತಬೇಡಿ. ಮೊದಲ ಒತ್ತು ಹೇಗಿತ್ತು ಎನ್ನುವುದೇ ಸಾಕ್ಷಿ. ನಾಲ್ಕು ಸಲ ಪಂಪ್ ಮಾಡಿದ ಮೇಲೆ ಗಾಳಿ ಸೇರಿದ ಬ್ರೇಕ್ ಕೂಡ ಗಟ್ಟಿಯಾಗುತ್ತದೆ, ಆ ಸಾಕ್ಷಿ ಹೋಯಿತು. ಒತ್ತುವ ಮೊದಲು ಚಕ್ರದ ಒಳಮೈಯಲ್ಲಿ, ಬ್ರೇಕ್ ಡಿಸ್ಕ್ ಹಿಡಿಯುವ ಕ್ಯಾಲಿಪರ್ ಕೆಳಗೆ ಕೆಂಪು ಎಣ್ಣೆಯ ಹನಿ ಇದೆಯೇ ನೋಡಿ. ಆಮೇಲೆ ಒಂದೊಂದೇ ಪೆಡಲ್, ನಿಧಾನವಾಗಿ, ಒಂದೇ ಸಲ.

ಪೈಲಟ್‌ನನ್ನು ಆಗಲೇ ವಿಚಾರಣೆಗೆ ನಿಲ್ಲಿಸಬೇಡಿ. ನೀರು ಕೊಡಿ, ಕೂರಿಸಿ. ಕೈ ನಡುಗುತ್ತಿರುವ ಹುಡುಗನಿಗೆ "ಸ್ಪೀಡ್ ಎಷ್ಟಿತ್ತು?" ಎಂದು ಕೇಳಿದರೆ ಪುಸ್ತಕದಲ್ಲಿರುವ ಅಂಕಿಯನ್ನೇ ಹೇಳುತ್ತಾನೆ.

ರನ್‌ವೇ ಓದುವುದು

ಅಳತೆ ಟೇಪು ಹಿಡಿದು ವಿಮಾನದಿಂದ ಹಿಂದಕ್ಕೆ ನಡೆಯಿರಿ. ಹುಲ್ಲಿನಲ್ಲಿ ಮೂರು ಗೆರೆಗಳೂ ಸಮನಾಗಿವೆಯೇ? ಒಂದು ಬದಿಯ ಗೆರೆ ಮಾತ್ರ ಆಳವಾಗಿದ್ದರೆ, ಇಲ್ಲವೇ ವಿಮಾನ ಒಂದು ಕಡೆಗೆ ಎಳೆದುಕೊಂಡು ಹೋಗಿದ್ದರೆ, ಎರಡು ಬ್ರೇಕ್‌ಗಳಲ್ಲಿ ಒಂದೇ ಕೆಲಸ ಮಾಡಿದೆ ಎಂಬ ಸುಳಿವು. ಡಾಂಬರಿನ ಮೇಲೆ ಕಪ್ಪು ಗೆರೆ ಕಂಡರೆ ಆ ಚಕ್ರ ಲಾಕ್ ಆಗಿ ಜಾರಿದೆ. ಅಂದರೆ ಬ್ರೇಕ್ ಹಿಡಿದಿದೆ, ಟೈರಿಗೆ ಹಿಡಿತ ಸಿಕ್ಕಿಲ್ಲ. ಒದ್ದೆ ರನ್‌ವೇಯಲ್ಲಿ ಕಪ್ಪು ಗೆರೆಯ ಬದಲು ತೊಳೆದಂತೆ ಬೆಳ್ಳಗಾದ ಪಟ್ಟಿ ಇದ್ದು, ಟೈರಿನ ಒಂದು ಕಡೆ ರಬ್ಬರ್ ಕರಗಿದಂತಾಗಿದ್ದರೆ, ತಿರುಗದ ಟೈರು ಆವಿಯ ಪದರದ ಮೇಲೆ ಜಾರಿಕೊಂಡು ಬಂದಿದೆ. ಗುರುತೇ ಇಲ್ಲದಿದ್ದರೆ ಎರಡು ಸಾಧ್ಯತೆ: ಬ್ರೇಕ್‌ನಲ್ಲಿ ನಿಜವಾಗಿಯೂ ಶಕ್ತಿಯಿಲ್ಲ, ಅಥವಾ ರೆಕ್ಕೆ ಇನ್ನೂ ಭಾರ ಹೊತ್ತಿದ್ದು ಚಕ್ರದ ಮೇಲೆ ತೂಕ ಬಿದ್ದಿಲ್ಲ.

ಇನ್ನೂ ಹಿಂದಕ್ಕೆ ಹೋಗಿ. ಚಕ್ರ ಮೊದಲು ನೆಲ ಮುಟ್ಟಿದ ಜಾಗ ಹುಡುಕಿ. ಅಲ್ಲಿಂದ ರನ್‌ವೇಯ ಆರಂಭದ ಗೆರೆಗೆ ಎಷ್ಟು ಅಡಿ ಎಂದು ಅಳೆಯಿರಿ. ಇಡೀ ತಪಾಸಣೆಯಲ್ಲಿ ಒಂದೇ ಒಂದು ಅಳತೆ ತೆಗೆದುಕೊಳ್ಳಿ ಎಂದರೆ ನಾನು ಇದನ್ನೇ ತೆಗೆದುಕೊಳ್ಳುತ್ತೇನೆ. ಹಳೆಯ ಗುರುತುಗಳ ನಡುವೆ ಹೊಸದು ತಿಳಿಯದಿದ್ದರೆ ಟವರ್‌ನಲ್ಲಿದ್ದವರನ್ನು, ಹ್ಯಾಂಗರ್ ಮುಂದೆ ನಿಂತಿದ್ದವರನ್ನು "ಯಾವ ಟ್ಯಾಕ್ಸಿವೇ (ರನ್‌ವೇಗೆ ಸೇರುವ ದಾರಿ) ಹತ್ತಿರ ಮುಟ್ಟಿತು?" ಎಂದು ಕೇಳಿ. ಅದಕ್ಕಿಂತ ಒಳ್ಳೆಯದು, ವಿಮಾನದಲ್ಲಿ ಜಿ1000 ಎಂಬ ಪರದೆಯ ಮೀಟರು ವ್ಯವಸ್ಥೆ ಇದ್ದರೆ ಅದರ ಎಸ್‌ಡಿ ಕಾರ್ಡಿನಲ್ಲಿ ಸೆಕೆಂಡಿಗೊಂದರಂತೆ ವೇಗ, ಎತ್ತರ, ಆರ್‌ಪಿಎಂ ದಾಖಲಾಗಿರುತ್ತದೆ. ಕಾರ್ಡು ಹಾಕಿದ್ದರೆ ಮಾತ್ರ. ಹಾಕಿರಿ ಎಂದು ನಾನು ಎಷ್ಟು ಸಲ ಹೇಳಿದ್ದೇನೋ. ಹಳೆಯ ಗಡಿಯಾರ ಮೀಟರಿನ ವಿಮಾನವಾದರೆ ಪೈಲಟ್ ಜೇಬಿನಲ್ಲಿದ್ದ ಫೋನಿನ ಜಿಪಿಎಸ್ ದಾಖಲೆಯೂ ಕೆಲಸಕ್ಕೆ ಬರುತ್ತದೆ.

ಇಲ್ಲಿ ದಾರಿ ಎರಡಾಗುತ್ತದೆ. ಚಕ್ರ ರನ್‌ವೇಯ ಮೊದಲ ಮೂರನೇ ಒಂದು ಭಾಗದೊಳಗೆ, ಸರಿಯಾದ ವೇಗದಲ್ಲಿ ಮುಟ್ಟಿದ್ದರೆ ದೋಷ ನೆಲದ ಮೇಲಿದೆ: ಬ್ರೇಕ್, ಟೈರು, ನೀರು, ಇಳಿಜಾರು. ಅದನ್ನು ದಾಟಿ ಮುಟ್ಟಿದ್ದರೆ ಮೊದಲು ಆಕಾಶದಲ್ಲಿ ಹುಡುಕಿ. ಬ್ರೇಕನ್ನೂ ನೋಡಿ, ಆದರೆ ಆಮೇಲೆ.

ಲೆಕ್ಕ ಹಾಕಿ, ಊಹಿಸಬೇಡಿ

172ಎಸ್ ಕೈಪಿಡಿಯ ಶಾರ್ಟ್ ಫೀಲ್ಡ್ ಲ್ಯಾಂಡಿಂಗ್ (ಚಿಕ್ಕ ರನ್‌ವೇಯಲ್ಲಿ ಇಳಿಯುವ) ಕೋಷ್ಟಕ ಹೇಳುವುದು ಪೂರ್ತಿ ಫ್ಲ್ಯಾಪ್, 50 ಅಡಿ ಎತ್ತರದಲ್ಲಿ 61 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.), ಪವರ್ ಇಲ್ಲ, ಒಣಗಿದ ಸಮತಟ್ಟು ರನ್‌ವೇ, ಗಾಳಿಯಿಲ್ಲ, ಚಕ್ರ ಮುಟ್ಟಿದ ಮೇಲೆ ಗಟ್ಟಿ ಬ್ರೇಕ್ ಎಂಬ ಷರತ್ತುಗಳ ಮೇಲೆ. ಸಮುದ್ರ ಮಟ್ಟದಲ್ಲಿ 50 ಅಡಿಯಿಂದ ನಿಲ್ಲುವವರೆಗೆ ಸುಮಾರು 1350 ಅಡಿ ಬೇಕು. ಬೆಂಗಳೂರು ಸಮುದ್ರಕ್ಕಿಂತ ಸುಮಾರು 3000 ಅಡಿ ಮೇಲಿದೆ. ಅಲ್ಲಿ 30 ಡಿಗ್ರಿ ಬಿಸಿಲಿಗೆ ಅದು 1500ರ ಆಸುಪಾಸಿಗೆ ಬರುತ್ತದೆ. ಇಷ್ಟಕ್ಕೇ 3000 ಅಡಿಯ ರನ್‌ವೇಯಲ್ಲಿ ಅರ್ಧ ಮಿಗುತ್ತದೆಯಲ್ಲ ಎನಿಸಬಹುದು.

ಈಗ ಒಂದೊಂದೇ ಸೇರಿಸಿ. ಬೆನ್ನ ಹಿಂದಿನ ಗಾಳಿಗೆ ಪ್ರತಿ 2 ನಾಟ್‌ಗೆ ಶೇ. 10 ಸೇರಿಸಿ ಎನ್ನುತ್ತದೆ ಅದೇ ಕೈಪಿಡಿ. 5 ನಾಟ್ ಬೆನ್ನುಗಾಳಿಗೆ 1500 ಅಡಿ 1875 ಆಯಿತು. ವೇಗ 61ರ ಬದಲು 74 ನಾಟ್ ಇತ್ತೆನ್ನಿ. ಓಟದ ಶಕ್ತಿ ಬೆಳೆಯುವುದು ವೇಗದ ವರ್ಗದಂತೆ. 74ನ್ನು 61ರಿಂದ ಭಾಗಿಸಿ ವರ್ಗ ಮಾಡಿದರೆ 1.47. 1875 ಅಡಿ 2750 ದಾಟಿತು. ರನ್‌ವೇಯ ಆರಂಭವನ್ನು 50 ಅಡಿಯ ಬದಲು 100 ಅಡಿ ಎತ್ತರದಲ್ಲಿ ದಾಟಿದ್ದರೆ, ಸಾಮಾನ್ಯವಾದ ಮೂರು ಡಿಗ್ರಿ ಇಳಿಜಾರಿನಲ್ಲಿ ಆ ಹೆಚ್ಚುವರಿ 50 ಅಡಿ ಇಳಿಯಲು ಇನ್ನೂ 950 ಅಡಿ ಬೇಕು. ಒಟ್ಟು 3700. ರನ್‌ವೇ ಇರುವುದು 3000. ಇಷ್ಟರಲ್ಲಿ ಬ್ರೇಕ್ ಕೆಟ್ಟಿದೆ ಎಂದು ನಾವು ಎಲ್ಲೂ ಹಿಡಿದಿಲ್ಲ.

ಈ ಲೆಕ್ಕದಲ್ಲಿ ಒಂದಕ್ಕೊಂದು ಗುಣಿಸುತ್ತ ಹೋಗುತ್ತದೆ ಎಂಬುದನ್ನು ವಿದ್ಯಾರ್ಥಿಗಳ ಮುಂದೆ ಕಾಗದದ ಮೇಲೆ ಹಾಕಿ ತೋರಿಸಿದಾಗ ಅವರ ಮುಖ ಬದಲಾಗುವುದನ್ನು ನೋಡಿದ್ದೇನೆ. ಐದು ನಾಟ್ ಗಾಳಿ ಏನು ಮಹಾ, ಹತ್ತು ನಾಟ್ ಹೆಚ್ಚು ವೇಗ ಇದ್ದರೆ ಭದ್ರ ಅಲ್ಲವೇ ಎಂದು ಒಂದೊಂದನ್ನೇ ಕೇಳಿದರೆ ಎಲ್ಲವೂ ಚಿಕ್ಕದಾಗಿಯೇ ಕಾಣುತ್ತವೆ.

ಬಿಸಿಲಿನ ಊರುಗಳಿಗೆ ಇನ್ನೊಂದು ಮಾತು. ಮೀಟರ್ 65 ನಾಟ್ ತೋರಿಸಿದರೂ 3000 ಅಡಿ ಎತ್ತರದಲ್ಲಿ 30 ಡಿಗ್ರಿ ಇದ್ದಾಗ ವಿಮಾನ ತೆಳು ಗಾಳಿಯಲ್ಲಿ ಸುಮಾರು 70 ನಾಟ್‌ನಲ್ಲಿ ಓಡುತ್ತಿರುತ್ತದೆ. ಬ್ರೇಕ್ ಎದುರಿಸಬೇಕಾದ್ದು ಈ 70ನ್ನು. ಅದಕ್ಕಾಗಿ ಮೀಟರಿನಲ್ಲಿ ವೇಗ ಕಡಿಮೆ ಮಾಡಬಾರದು, ರೆಕ್ಕೆಗೆ ಬೇಕಾದ್ದು ಮೀಟರ್ ತೋರಿಸುವ ವೇಗವೇ. ಉದ್ದವನ್ನು ಮಾತ್ರ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಮಂಗಳೂರಿನ ಸೆಕೆಗೂ ಬೆಂಗಳೂರಿನ ಎತ್ತರಕ್ಕೂ ಲೆಕ್ಕ ಬೇರೆ ಬೇರೆ.

ವೇಗ ಯಾಕೆ ಹೆಚ್ಚಿತ್ತು?

ಚಕ್ರ ಬಹಳ ಮುಂದೆ ಮುಟ್ಟಿದೆ ಎಂದು ಖಚಿತವಾದ ಮೇಲೂ ತಕ್ಷಣ ಪೈಲಟ್ ತಪ್ಪು ಎಂದು ಫೈಲು ಮುಚ್ಚಬೇಡಿ. ವಿಮಾನವೇ ಅವನನ್ನು ಅಲ್ಲಿಗೆ ತಳ್ಳಿರಬಹುದು. ಮೂರು ಕಡೆ ನೋಡುತ್ತೇನೆ.

ಒಂದು, ವೇಗದ ಮೀಟರು. ಎದುರುಗಾಳಿಯ ಒತ್ತಡವನ್ನು ಮೀಟರಿಗೆ ತರುವ ಪಿಟೋ ಕೊಳವೆಯ ಮುಂದಿನ ತೂತು ಮತ್ತು ನೀರು ಇಳಿದುಹೋಗುವ ಸಣ್ಣ ತೂತು ಎರಡೂ ಮುಚ್ಚಿದರೆ ಒಳಗೆ ಸಿಕ್ಕಿಕೊಂಡ ಒತ್ತಡ ಹಾಗೇ ಉಳಿಯುತ್ತದೆ. ವಿಮಾನ ಇಳಿದಂತೆ ಹೊರಗಿನ ಒತ್ತಡ ಏರುತ್ತದೆ, ಮೀಟರ್ ಇರುವುದಕ್ಕಿಂತ ಕಡಿಮೆ ವೇಗ ತೋರಿಸುತ್ತದೆ. ಪೈಲಟ್ ಮೂತಿ ತಗ್ಗಿಸುತ್ತಾನೆ, ನಿಜವಾದ ವೇಗ ಇನ್ನೂ ಏರುತ್ತದೆ. ಪಿಟೋ ಪೈಪಿನ ಜೋಡಣೆಯಲ್ಲಿ ಸಣ್ಣ ಸೋರಿಕೆ ಇದ್ದರೂ ಕಡಿಮೆಯೇ ತೋರುತ್ತದೆ. ಇದು ಇನ್ನೂ ಮೋಸದ್ದು, ಏಕೆಂದರೆ ಮುಳ್ಳು ಸಹಜವಾಗಿಯೇ ಆಡುತ್ತಿರುತ್ತದೆ. ಹೊರಗಿನ ಒತ್ತಡ ತರುವ ಸ್ಟ್ಯಾಟಿಕ್ ತೂತು ಮುಚ್ಚಿದರೆ ಉಲ್ಟಾ: ಇಳಿಯುವಾಗ ಮೀಟರ್ ಹೆಚ್ಚು ತೋರಿಸುತ್ತದೆ, ನಿಜವಾಗಿ ವಿಮಾನ ನಿಧಾನವಾಗಿರುತ್ತದೆ. ಆಗ ಭಯ ರನ್‌ವೇ ದಾಟುವುದರದ್ದಲ್ಲ, ರನ್‌ವೇಗೆ ಮುಂಚೆಯೇ ಬೀಳುವುದರದ್ದು. ಹಾಗಾಗಿ ಓವರ್‌ರನ್ (ರನ್‌ವೇ ಮೀರಿ ಓಡುವುದು) ಆಗಿದ್ದರೆ ನಾನು ಮೊದಲು ಪಿಟೋ ಬದಿ ಹಿಡಿಯುತ್ತೇನೆ.

ನಮ್ಮಲ್ಲಿ ಇದರ ಮುಖ್ಯ ಶತ್ರು ಮಣ್ಣಿನ ಗೂಡು ಕಟ್ಟುವ ಕಡಜ. ಪಿಟೋಗೆ ಕವರ್ ಹಾಕದೆ ಒಂದೇ ಒಂದು ದಿನ ನಿಲ್ಲಿಸಿದ ವಿಮಾನದಿಂದ ಬೆರಳ ತುದಿಯಷ್ಟು ಹಸಿ ಮಣ್ಣು ತೆಗೆದಿದ್ದೇನೆ. ತೂತಿಗೆ ಬಾಯಿಟ್ಟು ಊದಬೇಡಿ, ಮೀಟರ್ ಕೆಡುತ್ತದೆ. ತಂತಿಯಿಂದ ತಳ್ಳಬೇಡಿ, ಗೂಡು ಇನ್ನೂ ಒಳಗೆ ಹೋಗುತ್ತದೆ. ಮೀಟರಿನ ಕಡೆಯ ಪೈಪು ಬಿಚ್ಚಿ, ಅಲ್ಲಿಂದ ಹೊರಮುಖವಾಗಿ ಒಣ ಗಾಳಿ ಹಾಯಿಸಿ, ಆಮೇಲೆ ಟೆಸ್ಟರ್ ಜೋಡಿಸಿ ಸೋರಿಕೆ ಪರೀಕ್ಷೆ ಮಾಡಿ. ಹಾರಾಟದಲ್ಲಿ ಪರೀಕ್ಷಿಸಬೇಕಾದರೆ ಶಾಂತ ಬೆಳಗ್ಗೆ ಒಂದೇ ಎತ್ತರದಲ್ಲಿ, ಮೀಟರಿನಲ್ಲಿ ಒಂದೇ ವೇಗ ಹಿಡಿದು ನಾಲ್ಕು ದಿಕ್ಕಿಗೆ ಹಾರಿ ಜಿಪಿಎಸ್ ವೇಗಗಳ ಸರಾಸರಿ ತೆಗೆಯಿರಿ. ಎತ್ತರ ಮತ್ತು ಉಷ್ಣಾಂಶದ ತಿದ್ದುಪಡಿ ಹಾಕಿದ ಮೇಲೆ ಎರಡೂ ಒಂದೆರಡು ನಾಟ್‌ಗಳೊಳಗೆ ಕೂಡಬೇಕು.

ಎರಡು, ಫ್ಲ್ಯಾಪ್. ಲಿವರ್ ಕೆಳಗಿದೆ, ಫ್ಲ್ಯಾಪ್ ಮಾತ್ರ ಅಲ್ಲಿಲ್ಲ ಎಂದಾದರೆ ಸರ್ಕ್ಯೂಟ್ ಬ್ರೇಕರ್, ಮೋಟಾರು, ಲಿಮಿಟ್ ಸ್ವಿಚ್‌ಗಳನ್ನು ನೋಡಿ. ಫ್ಲ್ಯಾಪ್ ಇಲ್ಲದೆ ಇಳಿಯುವುದಾದರೆ 9 ನಾಟ್ ಹೆಚ್ಚು ವೇಗ, ಶೇ. 35 ಹೆಚ್ಚು ದೂರ ಎಂದು 172ಎಸ್ ಕೈಪಿಡಿಯೇ ಹೇಳುತ್ತದೆ. ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿದು ಬರುವ ಕೊನೆಯ ಹಂತದಲ್ಲಿ, ಲಿವರ್ ಇಳಿಸಿದ ಮೇಲೆ ಕತ್ತು ತಿರುಗಿಸಿ ರೆಕ್ಕೆ ನೋಡುವ ಅಭ್ಯಾಸ ಇರುವವರು ಇದನ್ನು ಗಾಳಿಯಲ್ಲೇ ಕಂಡುಹಿಡಿಯುತ್ತಾರೆ.

ಮೂರು, ಐಡಲ್, ಅಂದರೆ ಥ್ರಾಟಲ್ ಪೂರ್ತಿ ಎಳೆದಾಗ ಎಂಜಿನ್ ತಿರುಗುವ ವೇಗ. ಇದನ್ನು ನೋಡುವವರು ಕಡಿಮೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಥ್ರಾಟಲ್ ಪೂರ್ತಿ ಹೊರಗೆಳೆದರೂ ಎಂಜಿನ್ ಬೇಕಾದ್ದಕ್ಕಿಂತ ಜೋರಾಗಿ ತಿರುಗುತ್ತಿದ್ದರೆ ಪ್ರೊಪೆಲ್ಲರ್ ಇನ್ನೂ ಎಳೆಯುತ್ತಿರುತ್ತದೆ. ಫ್ಲೇರ್ ಮಾಡಿದ (ನೆಲ ಮುಟ್ಟುವ ಮುನ್ನ ಮೂತಿ ಎತ್ತಿದ) ಮೇಲೆ, ರೆಕ್ಕೆ ನೆಲಕ್ಕೆ ಹತ್ತಿರವಾಗಿ ಗಾಳಿಯ ತಡೆ ಮೊದಲೇ ತಗ್ಗಿರುವ ಹೊತ್ತಿನಲ್ಲಿ, ಪ್ರೊಪೆಲ್ಲರಿನ ಆ ಚಿಕ್ಕ ಎಳೆತವೇ ವಿಮಾನವನ್ನು ಇಳಿಯಗೊಡದೆ ನೂರಾರು ಅಡಿ ತೇಲಿಸಿಕೊಂಡು ಹೋಗುತ್ತದೆ. ಪರೀಕ್ಷೆ ನೆಲದ ಮೇಲೆ ಮಾಡಬೇಕು. ಗಾಳಿಯಲ್ಲಿ ಪ್ರೊಪೆಲ್ಲರ್ ಎದುರುಗಾಳಿಗೇ ತಿರುಗುವುದರಿಂದ ಆರ್‌ಪಿಎಂ ಹೇಗೂ ಹೆಚ್ಚಿಗೆ ಕಾಣುತ್ತದೆ. ಎಂಜಿನ್ ಬಿಸಿಯಾದ ಮೇಲೆ ಥ್ರಾಟಲ್ ಪೂರ್ತಿ ಎಳೆದು ಓದಿ. ಸಾಮಾನ್ಯವಾಗಿ 600ರ ಆಸುಪಾಸು ಇರಬೇಕು, ನಿಖರ ಅಂಕಿಯನ್ನು ನಿರ್ವಹಣಾ ಕೈಪಿಡಿಯಲ್ಲಿ ನೋಡಿ. ಹೆಚ್ಚಿದ್ದರೆ ನೇರವಾಗಿ ಸ್ಕ್ರೂ ತಿರುಗಿಸಬೇಡಿ. ಥ್ರಾಟಲ್ ತೋಳು ಐಡಲ್ ಸ್ಟಾಪಿಗೆ ನಿಜವಾಗಿ ತಾಗುತ್ತಿದೆಯೇ, ಕೇಬಲ್ ಮೊದಲೇ ತಡೆಯುತ್ತಿದೆಯೇ ಎಂದು ನೋಡಿ. ತಾಗದಿದ್ದರೆ ತಪ್ಪು ಕೇಬಲ್ ಜೋಡಣೆಯಲ್ಲಿದೆ. ಇಂಥ ವಿಮಾನದ ಹೊರಲಕ್ಷಣ ಟ್ಯಾಕ್ಸಿಯಲ್ಲೇ, ಅಂದರೆ ನೆಲದ ಮೇಲೆ ಓಡಿಸುವಾಗಲೇ, ಕಾಣುತ್ತದೆ: ಸುಮ್ಮನೆ ಬಿಟ್ಟರೆ ಓಡುತ್ತದೆ, ಹೆಜ್ಜೆಹೆಜ್ಜೆಗೂ ಬ್ರೇಕ್ ಒತ್ತಬೇಕು, ಪ್ಯಾಡ್ ಬೇಗ ಸವೆಯುತ್ತದೆ.

ಮೂರೂ ಸರಿಯಿದ್ದರೆ ಆಗ ಹಾರಿಸಿದ ಕೈಯ ಕಡೆ ತಿರುಗಿ: ಬೇಸ್‌ನಿಂದ (ಫೈನಲ್‌ಗೆ ಮುಂಚಿನ ಅಡ್ಡ ಹಾದಿಯಿಂದ) ಫೈನಲ್‌ಗೆ ಎತ್ತರದಲ್ಲಿ ತಿರುಗಿದ್ದು, ಅದನ್ನು ಕಳೆಯಲು ಮೂತಿ ತಗ್ಗಿಸಿ ವೇಗ ಗಳಿಸಿದ್ದು, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ನೋಡದೆ ಹಿಂದಿನ ಸುತ್ತಿನ ರನ್‌ವೇಯನ್ನೇ ಹಿಡಿದದ್ದು.

ಬ್ರೇಕ್

ಈಗ ಬ್ರೇಕಿಗೆ ಬರೋಣ. 172ರಲ್ಲಿ ಎಡಕ್ಕೊಂದು ಬಲಕ್ಕೊಂದು ಪ್ರತ್ಯೇಕ ವ್ಯವಸ್ಥೆ: ಪೆಡಲ್‌ನ ಮೇಲ್ತುದಿ ಒತ್ತಿದರೆ ಅದರ ಮಾಸ್ಟರ್ ಸಿಲಿಂಡರ್ ಆ ಬದಿಯ ಡಿಸ್ಕ್ ಹಿಡಿಯುತ್ತದೆ. ಎರಡೂ ಒಟ್ಟಿಗೆ ಪೂರ್ತಿ ಕೆಡುವುದು ಅಪರೂಪ. ಎರಡೂ ಕೆಟ್ಟವು ಎಂದು ಹೇಳಿದರೆ ನನಗೆ ಬ್ರೇಕಿಗಿಂತ ವೇಗದ ಮೇಲೆಯೇ ಅನುಮಾನ ಹೆಚ್ಚಾಗುತ್ತದೆ.

ಕಾಲಿಗೆ ಸಿಗುವ ಅನುಭವವೇ ಅರ್ಧ ರೋಗ ಹೇಳುತ್ತದೆ. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದು ಪಂಪ್ ಮಾಡಿದರೆ ಗಟ್ಟಿಯಾದರೆ ಪೈಪಿನಲ್ಲಿ ಗಾಳಿಯಿದೆ. ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳಿಯುತ್ತ ಹೋದರೆ, ಹೊರಗೆ ಎಣ್ಣೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ಒಳಗಿನ ಓ-ರಿಂಗ್ ಸೋತಿದೆ. ಪೆಡಲ್ ಕಲ್ಲಿನಂತೆ ಗಟ್ಟಿ, ಆದರೂ ವಿಮಾನ ನಿಲ್ಲುತ್ತಿಲ್ಲ ಎಂದರೆ ಎಣ್ಣೆಯ ಒತ್ತಡ ಸರಿಯಿದೆ, ತಿಕ್ಕುವ ಮೈ ಕೆಟ್ಟಿದೆ: ಪ್ಯಾಡ್ ಗಾಜಿನಂತೆ ಹೊಳಪು ಹಿಡಿದಿದೆ, ಬೇರಿಂಗ್ ಗ್ರೀಸ್ ಡಿಸ್ಕಿಗೆ ಬಂದಿದೆ, ಇಲ್ಲವೇ ಡಿಸ್ಕಿನ ಮೇಲೆ ತುಕ್ಕು. ಕರಾವಳಿಯಲ್ಲಿ ಮಳೆಗಾಲದ ಎರಡು ವಾರ ನಿಂತ ವಿಮಾನದ ಡಿಸ್ಕನ್ನು ಬೆರಳಿಂದ ಸವರಿ ನೋಡಿ, ತಿಳಿಯುತ್ತದೆ.

ಪ್ಯಾಡ್ ದಪ್ಪ ಸುಮಾರು 2.5 ಮಿ.ಮೀ.ಗೆ ಇಳಿದರೆ ಬದಲಿಸುವ ಹೊತ್ತು. ಬದಲಿಸಿದ ಹೊಸ ಪ್ಯಾಡಿಗೂ ಪಳಗಿಸುವ ಕ್ರಮವಿದೆ, ತಯಾರಕರು ಹೇಳಿದಂತೆ ಹದವಾಗಿ ಬಿಸಿ ಮಾಡಿ ತಣಿಸಬೇಕು. ಅದನ್ನು ಬಿಟ್ಟರೆ ಹೊಸ ಪ್ಯಾಡೇ ಹಳೆಯದಕ್ಕಿಂತ ಕಡಿಮೆ ಹಿಡಿಯುತ್ತದೆ. "ನಿನ್ನೆಯಷ್ಟೇ ಪ್ಯಾಡ್ ಹಾಕಿದ್ದೇವೆ" ಎಂಬ ಉತ್ತರ ಸಿಕ್ಕಾಗ ಪಳಗಿಸಿದಿರಾ ಎಂದು ಕೇಳಿ. ಎಣ್ಣೆ ಕೆಂಪು ಬಣ್ಣದ 5606 ಖನಿಜ ತೈಲವೇ ಆಗಿರಬೇಕು. ಕಾರಿನ ಬ್ರೇಕ್ ಆಯಿಲ್ ಹಾಕಿದರೆ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಗಾಳಿ ತೆಗೆಯುವಾಗ ಕೆಳಗಿನ ಕ್ಯಾಲಿಪರಿನಿಂದ ಮೇಲಕ್ಕೆ ಎಣ್ಣೆ ತಳ್ಳಿ. ಗಾಳಿ ತಾನಾಗಿ ಮೇಲೇರುತ್ತದೆ, ಅದರ ದಾರಿಯಲ್ಲೇ ಕಳಿಸಿ.

ಹಾರುವ ಮುನ್ನ ಎಂಜಿನ್ ಪರೀಕ್ಷಿಸುವ ರನ್-ಅಪ್‌ನಲ್ಲಿ 1800 ಆರ್‌ಪಿಎಂಗೆ ಎರಡೂ ಬ್ರೇಕ್ ವಿಮಾನವನ್ನು ಕದಲದಂತೆ ಹಿಡಿದರೆ ತಕ್ಕಮಟ್ಟಿಗೆ ಸರಿಯಿವೆ. ಪೂರ್ತಿ ಸರಿಯಿವೆ ಎಂದು ಅಲ್ಲ, ನಿಂತ ಚಕ್ರ ಹಿಡಿಯುವುದಕ್ಕೂ ಓಡುವ ಚಕ್ರ ನಿಲ್ಲಿಸುವುದಕ್ಕೂ ಬಿಸಿಯ ವ್ಯತ್ಯಾಸ ಬಹಳ.

ನೀರು, ಹುಲ್ಲು

ಟೈರು ನೀರಿನ ಮೇಲೆ ತೇಲಲು ಶುರುವಾಗುವ ವೇಗಕ್ಕೆ ಹಳೆಯ ಸೂತ್ರವಿದೆ: ಟೈರಿನ ಒತ್ತಡವನ್ನು ಪಿಎಸ್‌ಐನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 9ರಿಂದ ಗುಣಿಸಿ, ಉತ್ತರ ನಾಟ್‌ನಲ್ಲಿ. 42 ಪಿಎಸ್‌ಐಗೆ 58 ನಾಟ್. ಗಾಳಿ ಇಳಿದು 30 ಆಗಿದ್ದರೆ 49 ನಾಟ್‌ಗೇ ತೇಲಬಹುದು. ಆದ್ದರಿಂದ ಮಳೆಯಲ್ಲಿ ಆದ ಓವರ್‌ರನ್‌ನಲ್ಲಿ ಟೈರಿನ ಒತ್ತಡವನ್ನು ವಿಮಾನ ಕದಲಿಸುವ ಮೊದಲೇ ಅಳೆದಿಡಿ. ಬಜ್ಪೆಯ ಹಳೆಯ ರನ್‌ವೇಯಲ್ಲಿ 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಎಚ್‌ಎಸ್ 748, ನಮ್ಮವರು ಆವ್ರೋ ಎನ್ನುವ ವಿಮಾನ, ಮಳೆಯಲ್ಲಿ ಇಳಿದು ರನ್‌ವೇ ಮೀರಿ ಓಡಿತ್ತು. ಜೀವಹಾನಿ ಆಗಲಿಲ್ಲ.

ಹುಲ್ಲಿನ ಪಟ್ಟಿಗೆ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಸಣ್ಣ ವಿಮಾನದವರಿಗೆ ಕೊಟ್ಟ ಮಾರ್ಗದರ್ಶಿ ಅಂಕಿಗಳು ಒಳ್ಳೆಯವು: ಒಣ ಹುಲ್ಲಿಗೆ ಇಳಿಯುವ ದೂರದ ಮೇಲೆ ಶೇ. 15, ಒದ್ದೆ ಹುಲ್ಲಿಗೆ ಶೇ. 35, ಶೇ. 2ರ ಇಳಿಜಾರಿಗೆ ಶೇ. 10 ಸೇರಿಸಿ, ಕೊನೆಗೆ ಎಲ್ಲವನ್ನೂ 1.43ರಿಂದ ಗುಣಿಸಿ. ಆ ಕೊನೆಯ ಗುಣಾಕಾರವನ್ನು ಜನ ಬಿಟ್ಟುಬಿಡುತ್ತಾರೆ. ಬಿಡಬಾರದು. ಕೈಪಿಡಿಯ ಅಂಕಿ ಹೊಸ ವಿಮಾನದಲ್ಲಿ ನುರಿತ ಕೈ ತೆಗೆದದ್ದು.

ಒಂದು ನಿಜವಾದ ಗುದ್ದಾಟ

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ಮಧ್ಯಾಹ್ನ. ಸುಮಾರು 3000 ಅಡಿ ರನ್‌ವೇ, ಒಬ್ಬನೇ ಹಾರುತ್ತಿದ್ದ ವಿದ್ಯಾರ್ಥಿ, ರನ್‌ವೇ ತುದಿಯಿಂದ 120 ಅಡಿ ಆಚೆ ಹುಲ್ಲಿನಲ್ಲಿ ವಿಮಾನ. ಹುಡುಗನಿಗೆ ಏನೂ ಆಗಿರಲಿಲ್ಲ. "ಏನಾಯ್ತಪ್ಪ?" ಎಂದೆ. "ಬ್ರೇಕ್ ಹಿಡಿಯಲಿಲ್ಲ ಸರ್."

ಎಡ ಪೆಡಲ್ ಒತ್ತಿದೆ, ಮೆತ್ತಗೆ ಇಳಿಯಿತು. ಗಾಳಿ ಸೇರಿತ್ತು. ಪಕ್ಕದಲ್ಲಿದ್ದ ಟೆಕ್ನೀಷಿಯನ್ ಆಗಲೇ ನೋಟ್‌ಬುಕ್ ತೆಗೆದ. ದೋಷ ಸಿಕ್ಕಿತು, ಊಟಕ್ಕೆ ಹೋಗಬಹುದು. ಟ್ರಬಲ್‌ಶೂಟಿಂಗ್‌ನಲ್ಲಿ ಅತ್ಯಂತ ಅಪಾಯದ ಕ್ಷಣ ಅದು, ಒಂದು ದೋಷ ಸಿಕ್ಕ ಕ್ಷಣ. ಮೊದಲು ಅಳೆಯೋಣ ಎಂದು ಅವನನ್ನು ಕರೆದುಕೊಂಡು ನಡೆದೆ. ಚಕ್ರ ಮುಟ್ಟಿದ ಗುರುತು ಆರಂಭದಿಂದ 1700 ಅಡಿಗೆ ಸಿಕ್ಕಿತು.

ದಾಖಲೆ ತೆಗೆದು ನೋಡಿದರೆ ಆರಂಭದ ಗೆರೆಯ ಮೇಲೆ 74 ನಾಟ್. ಚಕ್ರ ಮುಟ್ಟಿದಾಗ ನೆಲದ ವೇಗ ಸುಮಾರು 71, ಅಂದರೆ ಸೆಕೆಂಡಿಗೆ 120 ಅಡಿ. ಮೀಟರಿನ ವೇಗದೊಂದಿಗೆ ಹೋಲಿಸಿದರೆ ಐದಾರು ನಾಟ್ ಬೆನ್ನುಗಾಳಿ. ಆ ಹೊತ್ತಿಗೆ ಗಾಳಿ ತಿರುಗಿತ್ತು, ಯಾರೂ ರನ್‌ವೇ ಬದಲಿಸಿರಲಿಲ್ಲ. ಬ್ರೇಕ್ ಪೂರ್ತಿ ಸರಿಯಿದ್ದಿದ್ದರೆ ಆ ವೇಗದಿಂದ ನಿಲ್ಲಲು ಸುಮಾರು 1200 ಅಡಿ ಬೇಕಿತ್ತು, ಉಳಿದದ್ದು 1300. ಹೌದು, ಕೂದಲೆಳೆಯಲ್ಲಿ ನಿಲ್ಲುತ್ತಿತ್ತು. ಹುಡುಗ ಹೇಳಿದ್ದು ಆ ಮಟ್ಟಿಗೆ ನಿಜ. ಆದರೆ ಲೆಕ್ಕವನ್ನು ತಿರುಗಿಸಿ ನೋಡಿ: ಅದೇ ಅರೆಬರೆ ಬ್ರೇಕಿನಲ್ಲಿ, ಸರಿಯಾದ ವೇಗಕ್ಕೆ, 900 ಅಡಿಯೊಳಗೆ ಇಳಿದಿದ್ದರೆ ಸಾವಿರಕ್ಕೂ ಹೆಚ್ಚು ಅಡಿ ಉಳಿಸಿ ನಿಲ್ಲುತ್ತಿತ್ತು. ಕೆಟ್ಟ ಬ್ರೇಕ್ ಕೊನೆಯ ನೂರು ಅಡಿ ಕಿತ್ತುಕೊಂಡಿತು. ಮೊದಲಿನ ಸಾವಿರ ಅಡಿ ಹೋದದ್ದು ಬೇರೆ ಕಡೆ.

ಎಂಜಿನ್ ಓಡಿಸುವುದಕ್ಕೆ ಅಡ್ಡಿಯಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ ಐಡಲ್ ನೋಡಿದೆವು. 780. ಹಿಂದಿನ ತಪಾಸಣೆಯಲ್ಲಿ ಥ್ರಾಟಲ್ ಕೇಬಲ್ ಬಿಚ್ಚಿ ಜೋಡಿಸಿದ್ದೆವು, ತೋಳು ಸ್ಟಾಪಿಗೆ ತಾಗುತ್ತಲೇ ಇರಲಿಲ್ಲ. ಆ ತಪ್ಪು ನಮ್ಮ ಹ್ಯಾಂಗರಿನದು, ನಮ್ಮ ಸಹಿ ಅದರ ಕೆಳಗಿತ್ತು. ಉಳಿದ ವಿದ್ಯಾರ್ಥಿಗಳನ್ನು ಕೇಳಿದಾಗ ಮೂವರು ಒಂದೇ ಮಾತು ಹೇಳಿದರು: "ಒಂದು ವಾರದಿಂದ ಆ ವಿಮಾನ ಜಾಸ್ತಿ ಫ್ಲೋಟ್ ಆಗ್ತಿತ್ತು ಸರ್, ನಮ್ಮ ಲ್ಯಾಂಡಿಂಗೇ ಸರಿಯಿಲ್ಲ ಅಂದ್ಕೊಂಡ್ವಿ." ಟೆಕ್ ಲಾಗ್‌ನಲ್ಲಿ ಒಂದು ಸಾಲೂ ಇರಲಿಲ್ಲ. ವಿದ್ಯಾರ್ಥಿ ತನ್ನ ಮೇಲೆ ತಪ್ಪು ಹೊತ್ತುಕೊಳ್ಳುತ್ತಾನೆ, ವಿಮಾನದ ಮೇಲೆ ದೂರು ಬರೆಯಲು ಹೆದರುತ್ತಾನೆ. ಆ ಹೆದರಿಕೆಯನ್ನು ತೆಗೆಯಬೇಕಾದವರು ನಾವು. ಅಂದಿನಿಂದ "ಜಾಸ್ತಿ ತೇಲುತ್ತದೆ" ಎಂದು ಯಾರಾದರೂ ಬಾಯಲ್ಲಿ ಹೇಳಿದರೂ ಸ್ನ್ಯಾಗ್ ಬರೆಸುತ್ತೇನೆ.

ತಿರುಗಿ ಮೇಲೇರುವ ಗೆರೆ

ಮೇಲಿನ ಯಾವ ದೋಷವಿದ್ದರೂ ಅದರ ಅಪಾಯ ತಪ್ಪಿಸಬಲ್ಲ ಒಂದು ಕೆಲಸ ಪೈಲಟ್ ಕೈಯಲ್ಲಿದೆ, ಗೋ-ಅರೌಂಡ್: ಇಳಿಯುವುದನ್ನು ಬಿಟ್ಟು ತಿರುಗಿ ಮೇಲೇರುವುದು. ರನ್‌ವೇ ಪಕ್ಕದ ಒಂದು ಗುರುತನ್ನು, ಟ್ಯಾಕ್ಸಿವೇಯೋ ಗಾಳಿಚೀಲವೋ, ಮೊದಲೇ ಆರಿಸಿಕೊಳ್ಳಿ. ಅದನ್ನು ದಾಟುವ ಮೊದಲು ಚಕ್ರ ನೆಲಕ್ಕೆ ಬಿದ್ದಿಲ್ಲವೇ, ಪೂರ್ತಿ ಪವರ್ ಕೊಟ್ಟು ಮೇಲೇರಿ. ಯೋಚನೆ ಆಗ ಮಾಡುವುದಲ್ಲ, ಮುಂಚೆಯೇ ಮಾಡಿಟ್ಟಿರಬೇಕು.

ಮಂಗಳೂರಿನಲ್ಲಿ 2010ರ ಮೇ 22ರಂದು ಆದದ್ದು ದೊಡ್ಡ ವಿಮಾನದ ದುರಂತ, ಆದರೆ ಸರಪಳಿ ಇದೇ. ಎತ್ತರದಲ್ಲಿ ಬಂದ ಬೋಯಿಂಗ್ 737, ಸುಮಾರು 8000 ಅಡಿ ರನ್‌ವೇಯಲ್ಲಿ ಆರಂಭದಿಂದ ಸುಮಾರು 5200 ಅಡಿ ದಾಟಿ ನೆಲ ಮುಟ್ಟಿತು. ಗೋ-ಅರೌಂಡ್ ಮಾಡಿ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದರು. ಇಳಿದು, ಬ್ರೇಕ್ ಮತ್ತು ರಿವರ್ಸರ್ (ಎಂಜಿನ್ ಬಲವನ್ನು ತಿರುಗಿಸಿ ವೇಗ ತಗ್ಗಿಸುವ ಸಾಧನ) ಹಾಕಿದ ಮೇಲೆ ಕ್ಯಾಪ್ಟನ್ ಮತ್ತೆ ಮೇಲೇರಲು ನೋಡಿದರು. 166 ಮಂದಿಯಲ್ಲಿ 158 ಮಂದಿ ಹೋದರು. ಆ ಊರಿನ ಸುತ್ತಮುತ್ತ ಇಂದಿಗೂ ಆ ದಿನವನ್ನು ಮರೆಯದ ಮನೆಗಳಿವೆ. ಸಣ್ಣ ವಿಮಾನದವರು ಅದರಿಂದ ಎರಡೂ ಭಾಗ ತೆಗೆದುಕೊಳ್ಳಬೇಕು: ಗೆರೆ ದಾಟುವ ಮುನ್ನ ಮೇಲೇರಿ, ಬ್ರೇಕ್ ಗಟ್ಟಿಯಾಗಿ ಒತ್ತಿದ ಮೇಲೆ ಮನಸ್ಸು ಬದಲಿಸಬೇಡಿ. ಆಗ ಹುಲ್ಲಿಗೆ 20 ನಾಟ್‌ನಲ್ಲಿ ಹೋಗುವುದು ಬೇಲಿಗೆ 50 ನಾಟ್‌ನಲ್ಲಿ ಹಾರುವುದಕ್ಕಿಂತ ಎಷ್ಟೋ ಮೇಲು.

ಮತ್ತೆ ಹಾರಲು ಬಿಡುವ ಮೊದಲು

ದೋಷ ಸರಿಪಡಿಸಿದ ಮೇಲೂ ಓವರ್‌ರನ್ ತಾನೇ ಮಾಡಿದ ಗಾಯಗಳಿರುತ್ತವೆ. 172ರ ಮೂಗಿನ ಚಕ್ರ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಗೆ, ಅಂದರೆ ಫೈರ್‌ವಾಲ್‌ಗೆ ಕೂಡಿಕೊಂಡಿದೆ. ಹುಲ್ಲಿನ ಗುಂಡಿಗೆ ಬಿದ್ದ ಪೆಟ್ಟು ಅಲ್ಲಿಗೆ ಹೋಗುತ್ತದೆ. ಕೌಲಿಂಗ್ (ಎಂಜಿನ್ ಮುಚ್ಚಳ) ಬಿಚ್ಚಿ ಫೈರ್‌ವಾಲ್ ತಗಡಿನಲ್ಲಿ ಸುಕ್ಕು, ಸಡಿಲ ರಿವೆಟ್ ಹುಡುಕಿ. ಒಳಗಡೆ ಪೆಡಲ್‌ಗಳ ಹಿಂದೆಯೂ ಟಾರ್ಚ್ ಹಿಡಿದು ನೋಡಿ. ಮುಖ್ಯ ಚಕ್ರಗಳ ಟೈರು ಒಂದೇ ಕಡೆ ಚಪ್ಪಟೆಯಾಗಿ ಸವೆದಿದ್ದರೆ ಬದಲಿಸಿ. ಪ್ರೊಪೆಲ್ಲರ್ ತುದಿಗೆ ಮಣ್ಣು ಹತ್ತಿದ್ದರೆ, ಬಾಗಿದಂತೆ ಕಾಣದಿದ್ದರೂ, ಪ್ರೊಪೆಲ್ಲರ್ ಸ್ಟ್ರೈಕ್ ಎಂದೇ ಎಣಿಸಿ. ಎಂಜಿನ್ ತಯಾರಕರ ಸೂಚನೆಯಂತೆ ಒಳಗಿನ ಕ್ರ್ಯಾಂಕ್‌ಶಾಫ್ಟ್ ಗೇರನ್ನು ಬಿಚ್ಚಿ ನೋಡುವವರೆಗೆ ಸ್ಟಾರ್ಟ್ ಮಾಡಬೇಡಿ. ನಾನು ಹೇಳಿದ ವಿಮಾನದಲ್ಲಿ ಪ್ರೊಪೆಲ್ಲರ್ ನೆಲಕ್ಕೆ ತಾಗಿರಲಿಲ್ಲ, ಬ್ಲೇಡಿನ ತುದಿಯ ಬಣ್ಣ ಹಾಗೇ ಇತ್ತು. ಆದ್ದರಿಂದಲೇ ಐಡಲ್ ನೋಡಲು ಎಂಜಿನ್ ಓಡಿಸಿದೆವು.

ಕೇಬಲ್ ಜೋಡಿಸಿ, ಎಡ ಬ್ರೇಕಿನ ಗಾಳಿ ತೆಗೆದು, ಐಡಲ್ 610ಕ್ಕೆ ತಂದು, ಒಂದು ಶಾಂತ ಬೆಳಗ್ಗೆ ಬೋಧಕರು ಅದನ್ನು ಮೂರು ಸಲ ಇಳಿಸಿದರು. ನಾನು ರನ್‌ವೇ ಪಕ್ಕ ಟೇಪು ಹಿಡಿದು ನಿಂತಿದ್ದೆ. ಚಕ್ರ ಮುಟ್ಟಿದ್ದು ಆರಂಭದಿಂದ 850, 800, 900 ಅಡಿಗೆ. ಮಾರನೆಯ ವಾರ ಅದೇ ಹುಡುಗ ಅದೇ ವಿಮಾನದಲ್ಲಿ ಒಬ್ಬನೇ ಹೋದ. ಇಳಿದು ಬಂದವನು ಟೆಕ್ ಲಾಗ್ ಕೇಳಿ ತೆಗೆದುಕೊಂಡು, ನಿಂತಲ್ಲೇ ಒಂದು ಸಾಲು ಬರೆದ: ಬಲ ಬ್ರೇಕ್ ಪೆಡಲ್ ಸ್ವಲ್ಪ ಮೆತ್ತಗಿದೆ, ದಯವಿಟ್ಟು ಪರೀಕ್ಷಿಸಿ.